ಬಿತ್ತನೆ ಯಂತ್ರದ ಹಿಂದಿನ ಚಕ್ರ: ರಬ್ಬರ್ ಹಾಕಲೋ, ಮುಳ್ಳಿನದೋ?

ಪ್ರಶ್ನೆ: ಸರ್, ನಮ್ಮದು ಶಿಕಾರಿಪುರ ತಾಲ್ಲೂಕು. 5 ಎಕರೆ ಕೆಂಪು ಮಣ್ಣಿನ ಹೊಲ, 3 ಎಕರೆ ಗದ್ದೆ ಇದೆ. ಮುಂಗಾರಿಗೆ ಹೊಲದಲ್ಲಿ ಮೆಕ್ಕೆಜೋಳ, ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಉದ್ದು ಹಾಕುತ್ತೇವೆ. ಉಳುಮೆ ಖರ್ಚು ತಡೆಯಲಾಗದೆ ನಾವು ಮೂರು ಮನೆಯವರು ಸೇರಿ ಹಳೆಯದೊಂದು 6 ಸಾಲಿನ ಜೀರೋ ಟಿಲ್ ಡ್ರಿಲ್ (ಉಳದೇ ಬಿತ್ತುವ ಯಂತ್ರ) ತಗೊಂಡಿದ್ದೇವೆ. ಡಬಲ್ ಡಿಸ್ಕಿನದು, ಅಂದರೆ ನೆಲ ಸೀಳೋಕೆ ಸಾಲಿಗೆ ಎರಡು ತಟ್ಟೆ. ಸಾಲು ಸಾಲಿಗೆ ಅಂತರ 1 ಅಡಿ, ಜೋಳಕ್ಕೆ ಸಾಲು ಬಿಟ್ಟು ಸಾಲು ಮುಚ್ಚಿ 3 ಸಾಲಲ್ಲೇ ಬಿತ್ತುತ್ತೇವೆ. ಹಿಂದೆ ಸೀಳು ಮುಚ್ಚೋಕೆ ಪ್ರತಿ ಸಾಲಿಗೂ ವಿ ಆಕಾರದಲ್ಲಿ ಎರಡೆರಡು ರಬ್ಬರ್ ಚಕ್ರ ಇವೆ. 12ರಲ್ಲಿ 5 ಹೋಗಿವೆ, ಹೆಚ್ಚಿನವು ತುದಿ ಸಾಲಿನವು. ಹೋದ ಸಲ ಉದ್ದು ಬಿತ್ತಿದಾಗ ಸೀಳು ಸರಿಯಾಗಿ ಮುಚ್ಚಲೇ ಇಲ್ಲ, ವಾರ ಬಿಟ್ಟು ಹೋಗಿ ನೋಡಿದರೆ ಬೀಜ ಕಾಣುತ್ತಿತ್ತು. ಅಂಗಡಿಯವರು ಎಲ್ಲಾ ತೆಗೆದು ಮುಳ್ಳಿನ ಚಕ್ರ (ಸುತ್ತ ಹಲ್ಲಿರುವುದು) ಹಾಕಿಸಿ ಅಂತಾರೆ. ನಮ್ಮ ಭಾವ ಬೀಡಿನ (ಎರಕದ ಕಬ್ಬಿಣದ) ಚಕ್ರ ಹಾಕು, ಸಾಯೋತನಕ ಬರುತ್ತೆ ಅಂತಾರೆ. ಯಾವುದು ಹಾಕಿಸೋದು?

ಉತ್ತರ: ಅಂಗಡಿಯವರ ಮಾತೂ ಬೇಡ, ಭಾವನ ಮಾತೂ ಬೇಡ. ಗದ್ದೆಗೆ ಇಳಿಸುವಾಗ ಸಾಲಿಗೆ ಒಂದು ರಬ್ಬರ್, ಒಂದು ಮುಳ್ಳಿನದು ಹಾಕಿ. ಹೊಲಕ್ಕೆ ಹೋಗುವಾಗ ಮುಳ್ಳು ಬಿಚ್ಚಿ ಎರಡೂ ರಬ್ಬರ್ ಹಾಕಿ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟನ್ನೇ ಓದಿಕೊಂಡು ಅಂಗಡಿಗೆ ಓಡಬೇಡಿ, ದುಡ್ಡು ದಂಡ ಆಗುತ್ತದೆ. ನೀವು ಬರೆದಿರುವುದು ಒಂದು ತೊಂದರೆ ಅಲ್ಲ, ಎರಡು. ಎರಡಕ್ಕೂ ಕಾರಣ ಬೇರೆ ಬೇರೆ, ಅದರಲ್ಲಿ ಒಂದಕ್ಕೆ ಹೊಸ ಚಕ್ರ ಮದ್ದೇ ಅಲ್ಲ.

ಮೊದಲು ಆ ಮದ್ದಿಲ್ಲದ್ದನ್ನೇ ನೋಡೋಣ. ಹೋದ ಐದರಲ್ಲಿ ಹೆಚ್ಚಿನವು ತುದಿ ಸಾಲಿನವು ಅಂದಿರಿ. ಅಲ್ಲೇ ಗೊತ್ತಾಯಿತು. ಟ್ರ್ಯಾಕ್ಟರ್ ಹೊಡೆಯುವವರು ಬದುವಿನ ಹತ್ತಿರ ಯಂತ್ರ ಪೂರ್ತಿ ಎತ್ತದೆ ತಿರುಗಿಸುತ್ತಿದ್ದಾರೆ. ಈ ಚಕ್ರಗಳು ನೇರ ಉರುಳೋಕೆ ಮಾಡಿದವು, ಅಡ್ಡ ಎಳೆಯೋಕೆ ಅಲ್ಲ. ತಿರುಗುವಾಗ ನಡುವಿನ ಸಾಲು ಸ್ವಲ್ಪ ಜರುಗಿದರೆ ತುದಿಯ ಸಾಲು ಮಾರುದ್ದ ಉಜ್ಜಿಕೊಂಡು ಹೋಗುತ್ತದೆ. ಬಯಲುಸೀಮೆಯಲ್ಲಿ ಅರ್ಧ ಮೈಲಿ ನೇರ ಹೋಗಿ ಒಂದು ಸಲ ತಿರುಗಿದರೆ ಮುಗಿಯಿತು. ನಮ್ಮ ಗದ್ದೆಯಲ್ಲಿ ಹಾಗಿಲ್ಲ, ಒಂದರ ಕೆಳಗೆ ಒಂದು ಮೆಟ್ಟಿಲು, ಗೇರ್ ಹಾಕಿ ಬಿಡುವಷ್ಟರಲ್ಲಿ ಎದುರಿಗೆ ಬದು. ದಿನಕ್ಕೆ ನೂರು ಸಲ ತಿರುಗಬೇಕು. ಅದರ ಜೊತೆಗೆ ಮೂಲೆಯಲ್ಲಿ ಇನ್ನೊಂದಿಷ್ಟು ಬಿತ್ತೋಣ ಅಂತ ಯಂತ್ರ ನೆಲದಲ್ಲಿರುವಾಗಲೇ ರಿವರ್ಸ್ ತಗೊಂಡರೆ ಕತೆ ಮುಗಿಯಿತು. ಡಿಸ್ಕಿನ ಸಂದಿಗೆ ಮಣ್ಣು ತುಂಬುತ್ತದೆ, ಚಕ್ರದ ಕೈ ತಿರುಚುತ್ತದೆ. ಹೊಸ ಚಕ್ರ ಹಾಕಿ ಹೀಗೇ ಹೊಡೆದರೆ ಬರುವ ವರ್ಷ ಇದೇ ಪ್ರಶ್ನೆ ಮತ್ತೆ ಬರೆಯುತ್ತೀರಿ.

ಹಾಗಾಗಿ ಹೊಸದು ತರುವ ಮೊದಲು ಒಂದು ಸಂಜೆ ಕೂತು ಇಷ್ಟು ನೋಡಿ. ಚಕ್ರ ಹಿಡಿದಿರುವ ಕೈಯನ್ನು ಎರಡೂ ಪಕ್ಕಕ್ಕೆ ಅಲ್ಲಾಡಿಸಿ. ಲಟಪಟ ಅಂದರೆ ಬುಷ್ (ಕೀಲಿನ ತೂತಿನ ಒಳಬಳೆ) ಮತ್ತು ಪಿನ್ನು ಸವೆದಿದೆ. ಆಮೇಲೆ ಹಿಂದೆ ಹೋಗಿ ನೆಲಕ್ಕೆ ಕೂತು ಒಂದು ಕಣ್ಣು ಮುಚ್ಚಿ ನೋಡಿ, ಡಿಸ್ಕ್ ಸೀಳಿದ ಗೆರೆ ಎರಡು ಚಕ್ರದ ನಟ್ಟನಡುವೆ ಬರಬೇಕು. ಒಂದು ಬೆರಳಿನಷ್ಟು ಆಚೀಚೆ ಆದರೂ ಒಂದು ಚಕ್ರ ಸೀಳಿನ ಮೇಲೇ ಓಡುತ್ತದೆ, ಇನ್ನೊಂದು ದೂರದಲ್ಲಿ ಸುಮ್ನೆ ಗಾಳಿ ತಿನ್ನುತ್ತಾ ಹೋಗುತ್ತದೆ. ಮನೆ ಅಂಗಳದ ಸಿಮೆಂಟ್ ಮೇಲೆ ಇದನ್ನು ನೋಡುವುದಕ್ಕಿಂತ ಗಟ್ಟಿ ನೆಲದಲ್ಲಿ ಹತ್ತು ಅಡಿ ಎಳೆದು ಗುರುತು ನೋಡುವುದು ಒಳ್ಳೆಯದು. ಬುಷ್ ಬದಲಾಯಿಸಲು, ಕೈ ನೇರ ಮಾಡಿಸಲು ಲೇತ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ನನ್ನ ಅನುಭವದಲ್ಲಿ ಚಕ್ರ ಸರಿಯಿಲ್ಲ ಅಂತ ಬರುವ ಹತ್ತು ಯಂತ್ರದಲ್ಲಿ ನಾಲ್ಕು ಇಷ್ಟಕ್ಕೇ ಸರಿಹೋಗುತ್ತವೆ.

ಇನ್ನು ಸೀಳು ಮುಚ್ಚದೇ ಇದ್ದದ್ದು. ಇದು ಚಕ್ರದ ವಿಷಯ ಹೌದು, ಆದರೆ ಮೊದಲು ಹದದ ವಿಷಯ.

ಕೂರಿಗೆ ಕಾಲ ನೆನಪು ಮಾಡಿಕೊಳ್ಳಿ. ನೆಲ ಉತ್ತು, ಹರಗಿ, ಪುಡಿ ಆಗಿರುತ್ತಿತ್ತು. ಕೂರಿಗೆ ಮುಂದೆ ಹೋದರೆ ಹಿಂದೆ ಕುಂಟೆ ಬಂದು ಮಣ್ಣು ಎಳೆದು ಮುಚ್ಚುತ್ತಿತ್ತು. ನಮ್ಮಜ್ಜ ಅಷ್ಟಾದ ಮೇಲೂ ಒಂದೊಂದು ಕಡೆ ನಿಂತು ಸಾಲಿನ ಮೇಲೆ ಹಿಮ್ಮಡಿ ಒತ್ತಿ ನೋಡುತ್ತಿದ್ದ. ಬೀಜಕ್ಕೆ ಮಣ್ಣು ಅಂಟಬೇಕು ಕಣೋ, ಬರೀ ಮುಚ್ಚಿದರೆ ಆಗಲ್ಲ ಅನ್ನೋನು. ಸರಿಯಾದ ಮಾತು. ಮೆಕ್ಕೆಜೋಳದ ಬೀಜ ಮೊಳೆಯಬೇಕಾದರೆ ತನ್ನ ತೂಕದ ನೂರಕ್ಕೆ ಸುಮಾರು 30 ಭಾಗ ನೀರು ಹೀರಬೇಕು. ಸೋಯಾ ಅವರೆಯಂಥದ್ದಕ್ಕೆ ಅರ್ಧದಷ್ಟು ಬೇಕು. ಆ ನೀರು ಮಣ್ಣಿನ ಕಣದಿಂದ ಬೀಜದ ಸಿಪ್ಪೆಗೆ ಮುಟ್ಟಿದ ಕಡೆ ಮಾತ್ರ ಚೆನ್ನಾಗಿ ದಾಟುತ್ತದೆ. ನಡುವೆ ಗಾಳಿ ಇದ್ದರೆ ಬೀಜ ಅರೆ ನೆಂದು ಅಲ್ಲೇ ಕೂರುತ್ತದೆ.

ಉಳುಮೆ ಇಲ್ಲದ ನೆಲದಲ್ಲಿ ಎಳೆದು ಮುಚ್ಚೋಕೆ ಸಡಿಲ ಮಣ್ಣೇ ಇರುವುದಿಲ್ಲ ಅಲ್ವಾ? ಡಿಸ್ಕ್ ಒಂದು ಸೀಳು ಹಾಕುತ್ತದೆ, ಬೀಜ ತಳಕ್ಕೆ ಬೀಳುತ್ತದೆ. ಈಗ ಆ ಸೀಳಿನ ಎರಡು ಗೋಡೆಯನ್ನೇ ಮುರಿದು ಬೀಜದ ಮೇಲೆ ಬೀಳಿಸಬೇಕು, ಆಮೇಲೆ ಹಗುರವಾಗಿ ಒತ್ತಬೇಕು. ಹಿಂದಿನ ಚಕ್ರದ ಕೆಲಸ ಈ ಎರಡು. ನುಣುಪು ಚಕ್ರ, ಅದು ರಬ್ಬರ್ ಇರಲಿ ಬೀಡು ಇರಲಿ, ಎರಡನೆಯದನ್ನು ಚೆನ್ನಾಗಿ ಮಾಡುತ್ತದೆ. ಒಣ, ಪುಡಿ ಮಣ್ಣಲ್ಲಿ ಗೋಡೆ ತಾನೇ ಉದುರುವುದರಿಂದ ಅಷ್ಟು ಸಾಕು. ನಿಮ್ಮ ಗದ್ದೆಯಲ್ಲಿ ಸಾಲದು.

ಗದ್ದೆ ಮಣ್ಣನ್ನು ಮಳೆಗಾಲದಲ್ಲಿ ಕೆಸರು ಮಾಡಿ ಮಾಡಿ ಅದರ ಹರಳು ಹರಳಾದ ಕಟ್ಟೇ ಹೋಗಿರುತ್ತದೆ. ಭತ್ತ ಕೊಯ್ದ ಹೊಸದರಲ್ಲಿ ಮೇಲೆ ನಡೆದರೆ ಗಟ್ಟಿ ಅನ್ನಿಸಿದರೂ ಒಳಗೆ ಜಿಗುಟು. ಅದರಲ್ಲಿ ಡಿಸ್ಕ್ ಓಡಿದರೆ ಸೀಳಿನ ಎರಡು ಪಕ್ಕವೂ ಸಗಣಿ ಸಾರಿಸಿದ ನೆಲದ ಹಾಗೆ ನುಣ್ಣಗಾಗುತ್ತದೆ. ಅದರ ಮೇಲೆ ರಬ್ಬರ್ ಚಕ್ರ ಎಷ್ಟು ಒತ್ತಿದರೂ ಬಾಗಿಲು ಮುಚ್ಚಿದ ಹಾಗೆ ಬಾಯಿ ಮಾತ್ರ ಸೇರುತ್ತದೆ, ಒಳಗೆ ಟೊಳ್ಳು ಉಳಿಯುತ್ತದೆ. ಬಿತ್ತಿದ ದಿನ ನೋಡಿದರೆ ಎಲ್ಲಾ ಚೆಂದ. ನಾಲ್ಕು ದಿನ ಬಿಸಿಲು ಬಿದ್ದು ಜೇಡಿ ಕುಗ್ಗಿದಾಗ ಬಿರುಕು ಎಲ್ಲಿ ಬಿಡುತ್ತದೆ ಹೇಳಿ? ಎಲ್ಲಿ ಮೊದಲೇ ಸೀಳಿದೆಯೋ ಅಲ್ಲೇ. ನೀವು ವಾರ ಬಿಟ್ಟು ಹೋಗಿ ಕಂಡಿದ್ದು ಇದನ್ನೇ. ಚಕ್ರ ಹೊಸದಿದ್ದರೂ ಕಾಣುತ್ತಿತ್ತು.

ಹದ ನೋಡುವುದು ಹೊಸ ವಿದ್ಯೆ ಅಲ್ಲ, ಆದರೆ ಟ್ರ್ಯಾಕ್ಟರ್ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುವಾಗ ಯಾರೂ ನೋಡುವುದಿಲ್ಲ. ಮೇಲಿನ ಮಣ್ಣು ಮುಟ್ಟಿ ಹೇಳಬೇಡಿ. ಬೀಜ ಬೀಳುವ ಆಳದಿಂದ ಒಂದು ಹಿಡಿ ತೆಗೆಯಿರಿ. ಉದ್ದಿಗೆ 3-4 ಸೆಂಟಿಮೀಟರ್, ಜೋಳಕ್ಕೆ 4-5. ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡಿ. ಒಡೆದು ಚೂರಾದರೆ ಹೋಗಿ ಬಿತ್ತಿ. ಚಪ್ಪಟೆಯಾಗಿ ಕೂತರೆ, ಅಥವಾ ಹೆಬ್ಬೆರಳಲ್ಲಿ ಉಜ್ಜಿದಾಗ ಹೊಳೆಯುವ ಪಟ್ಟಿ ಬಂದರೆ ಇನ್ನೆರಡು ದಿನ ತಡೆಯಿರಿ. ತಡೆಯಿರಿ ಅಂತ ಹೇಳುವುದು ಸುಲಭ, ಗೊತ್ತು. ಭತ್ತದ ಹಿಂದೆ ಬರುವ ಉದ್ದು ಉಳಿದ ಹಸಿಯಲ್ಲೇ ಬರಬೇಕು, ತಡ ಮಾಡಿದರೆ ಮೇಲಿನ ಗದ್ದೆ ಕಲ್ಲಾಗುತ್ತದೆ, ಅದೇ ಹೊತ್ತಿಗೆ ಕೆಳಗಿನ ಜೌಗು ಗದ್ದೆಯಲ್ಲಿ ಇನ್ನೂ ಕಾಲು ಹೂಳುತ್ತಿರುತ್ತದೆ. ಒಂದೇ ದಿನ ಮೂರೆಕರೆ ಮುಗಿಸುವ ಹಟ ಬಿಡಿ. ಮೇಲಿನದನ್ನು ಮೊದಲು, ಕೆಳಗಿನದನ್ನು ವಾರ ಬಿಟ್ಟು ಮಾಡಿ. ಯಂತ್ರ ಹೇಗೂ ನಿಮ್ಮದೇ ಅಲ್ವಾ.

ಪೂರ್ತಿ ಹದ ಎಂದೂ ಸಿಗುವುದಿಲ್ಲ. ಸ್ವಲ್ಪ ಹಸಿ ಜಾಸ್ತಿ ಇರುವಾಗಲೇ ಬಿತ್ತಬೇಕಾಗುತ್ತದೆ. ಅಲ್ಲಿ ಮುಳ್ಳಿನ ಚಕ್ರ ಬೇಕು. ಅದರ ಹಲ್ಲು ಸೀಳಿನ ಪಕ್ಕಕ್ಕೆ ಚುಚ್ಚಿ ಸಾರಿಸಿದಂತಾದ ಗೋಡೆಯನ್ನು ಒಡೆಯುತ್ತದೆ, ಮಣ್ಣು ಚೂರಾಗಿ ಬೀಜದ ಮೇಲೆ ಬೀಳುತ್ತದೆ. ಮೇಲೆ ಸಡಿಲವಾಗಿ ಬಿಡುವುದರಿಂದ ಒಣಗಿದಾಗ ಒಂದೇ ಗೆರೆಯಲ್ಲಿ ಬಿರುಕು ಬಿಡುವುದು ಕಡಿಮೆ. ಉದ್ದಿಗೆ ಇದರಿಂದ ಇನ್ನೊಂದು ಉಪಕಾರ ಇದೆ. ಮೆಕ್ಕೆಜೋಳ ಸೂಜಿಯ ಹಾಗೆ ನೆಲ ಚುಚ್ಚಿಕೊಂಡು ಬರುತ್ತದೆ, ಬೇಳೆ ಕೆಳಗೇ ಉಳಿಯುತ್ತದೆ. ಉದ್ದು, ಹೆಸರು ಹಾಗಲ್ಲ. ಕತ್ತು ಬಗ್ಗಿಸಿ, ಎರಡೂ ಬೇಳೆ ತಲೆ ಮೇಲೆ ಹೊತ್ತುಕೊಂಡು ಮೇಲೆ ಬರಬೇಕು. ಮೇಲೆ ಗಟ್ಟಿ ಪದರ ಇದ್ದರೆ ಕತ್ತು ಮುರಿಯುತ್ತದೆ. ಹಾಗಾಗಿ ಉದ್ದಿನ ಸಾಲಿನ ನೆತ್ತಿ ಮೇಲೆ ಬಲವಾಗಿ ಒತ್ತುವ ಯಾವ ಚಕ್ರವೂ ಒಳ್ಳೆಯದಲ್ಲ.

ಹಾಗಾದರೆ ಹನ್ನೆರಡೂ ಮುಳ್ಳಿನದೇ ಹಾಕಿದರೇನು? ಅದನ್ನು ನಾನೇ ಮಾಡಿ ಕೆಟ್ಟಿದ್ದೇನೆ. ಒಬ್ಬ ಮಾರಾಟಗಾರನ ಮಾತು ಕೇಳಿ ನನ್ನ ಯಂತ್ರಕ್ಕೆ ಪೂರ್ತಿ ಸೆಟ್ ಹಾಕಿಸಿದೆ. ಗದ್ದೆಯಲ್ಲಿ ಚೆನ್ನಾಗಿ ಬಂತು, ಬೀಗಿದೆ. ಮುಂದಿನ ಮುಂಗಾರಿಗೆ ರೋಹಿಣಿ ಮಳೆ ಎರಡು ಹನಿ ಹಾಕಿ ಹೋಯಿತು, ಮೃಗಶಿರದಲ್ಲಿ ಮೋಡ ಕಂಡು ಒಣ ಕೆಂಪು ಹೊಲದಲ್ಲಿ ಜೋಳ ಬಿತ್ತಿದೆ. ಮುಳ್ಳು ಮಣ್ಣನ್ನು ಕೆದರಿ ಎಸೆಯಿತು, ಜೊತೆಗೆ ಅಲ್ಲಲ್ಲಿ ಬೀಜವನ್ನೂ ಎತ್ತಿ ಹಾಕಿತು. ಉಳಿದದ್ದು ಸಡಿಲ ಮಣ್ಣಲ್ಲಿ ಇದ್ದಬದ್ದ ಹಸಿಯನ್ನೂ ಕಳೆದುಕೊಂಡಿತು. ಮಾರನೆ ಬೆಳಿಗ್ಗೆ ಹೋದರೆ ನವಿಲುಗಳು ಸಾಲು ಹಿಡಿದು ನಡೆಯುತ್ತಿದ್ದವು. ಒಂದು ಬೀಜ ಸಿಕ್ಕಿದ ನವಿಲಿಗೆ ಮುಂದಿನ ಬೀಜ ಎಲ್ಲಿದೆ ಅಂತ ಹೇಳಿಕೊಡಬೇಕಿಲ್ಲ, ಸಾಲು ಅಷ್ಟು ನೇರ ಇತ್ತು! ಎರಡನೇ ಸಲ ಬಿತ್ತಿದೆ. ಹೊಲದಲ್ಲಿ ಮುಳ್ಳು ಬಿಚ್ಚಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಸಾಲಿಗೆ ಒಂದು ಮುಳ್ಳು, ಒಂದು ರಬ್ಬರ್ ಹಾಕಿದರೆ ಈ ಎರಡೂ ಅತಿ ತಪ್ಪುತ್ತದೆ. ಮುಳ್ಳು ಒಂದು ಪಕ್ಕ ಒಡೆಯುತ್ತದೆ. ರಬ್ಬರ್ ಇನ್ನೊಂದು ಪಕ್ಕದಿಂದ ಒತ್ತಿ ಹಿಡಿಯುತ್ತದೆ, ಆಳ ಏರುಪೇರಾಗದಂತೆ ತಡೆಯುತ್ತದೆ, ಮಣ್ಣು ಹಾರಿ ಹೋಗದ ಹಾಗೆ ಅಡ್ಡ ನಿಲ್ಲುತ್ತದೆ. ಹೊರದೇಶದಲ್ಲೂ ಉಳುಮೆ ಇಲ್ಲದೆ ಬಿತ್ತುವವರು ಬಹಳ ಜನ ಹೀಗೇ ಮಾಡುವುದು. ಯಾವ ಪಕ್ಕ ಯಾವುದು ಅನ್ನುವುದು ದೊಡ್ಡ ವಿಷಯ ಅಲ್ಲ, ಆದರೆ ಎಲ್ಲಾ ಸಾಲಿನಲ್ಲೂ ಮುಳ್ಳು ಒಂದೇ ಪಕ್ಕ ಬರುವ ಹಾಗೆ ಹಾಕಬೇಡಿ. ಮೂರು ಸಾಲಿಗೆ ಎಡಕ್ಕೆ, ಮೂರು ಸಾಲಿಗೆ ಬಲಕ್ಕೆ ಹಾಕಿ. ಇಲ್ಲದಿದ್ದರೆ ಯಂತ್ರ ಒಂದು ಕಡೆಗೆ ಎಳೆದ ಹಾಗೆ ಅನ್ನಿಸಬಹುದು. ಚಕ್ರದ ಕೈಯಲ್ಲಿ ಎರಡು ತೂತು ಇದ್ದರೆ ಒಂದು ಚಕ್ರ ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ ಬರುವ ಹಾಗೆ ಹಾಕಿ. ಎದುರುಬದುರು ಇದ್ದರೆ ಭತ್ತದ ಹುಲ್ಲು, ಜೋಳದ ಬುಡ ನಡುವೆ ಸಿಕ್ಕಿ ಚಕ್ರ ನಿಂತುಬಿಡುತ್ತದೆ.

ಹುಲ್ಲಿನ ಮಾತು ಬಂತಲ್ಲ. ಕಟಾವು ಮಷಿನ್ ಹೊಡೆಸಿದ ಗದ್ದೆಯಲ್ಲಿ ಹುಲ್ಲು ಒಂದೇ ಪಟ್ಟಿಯಾಗಿ ಬಿದ್ದಿರುತ್ತದೆ. ಡಿಸ್ಕಿನ ಅಂಚು ಮೊಂಡಾಗಿದ್ದರೆ ಅದು ಹುಲ್ಲನ್ನು ಕತ್ತರಿಸುವುದಿಲ್ಲ, ಮಡಚಿ ಸೀಳಿನೊಳಗೆ ತುರುಕುತ್ತದೆ. ಬೀಜ ಹುಲ್ಲಿನ ಮೇಲೆ ಕೂರುತ್ತದೆ, ಮಣ್ಣಿನ ಮೇಲಲ್ಲ. ಇದಕ್ಕೆ ಹಿಂದಿನ ಯಾವ ಚಕ್ರವೂ ಏನೂ ಮಾಡಲಾರದು. ಹುಲ್ಲು ಹರಡಿ ಅಥವಾ ದನಕ್ಕೆ ಕಟ್ಟಿ ಸಾಗಿಸಿ. ಬೆಳಿಗ್ಗೆ ಇಬ್ಬನಿ ಆರುವ ತನಕ ಬಿತ್ತಬೇಡಿ, ಹಸಿ ಹುಲ್ಲು ಇನ್ನೂ ಕತ್ತರಿಸುವುದಿಲ್ಲ. ಡಿಸ್ಕ್ ಎರಡೂ ಮುಂದೆ ಒಂದಕ್ಕೊಂದು ಮುಟ್ಟುತ್ತಿವೆಯೋ ಅಂತ ನೋಡಿ. ಸವೆದು ನಡುವೆ ಸಂದಿ ಬಿಟ್ಟಿದ್ದರೆ ಸೀಳಿನ ತಳ ಎರಡು ಗೆರೆಯಾಗಿ ನಡುವೆ ದಿಬ್ಬ ನಿಲ್ಲುತ್ತದೆ. ಹಾಗಿದ್ದರೆ ಮೊದಲ ಖರ್ಚು ಡಿಸ್ಕಿಗೆ, ಚಕ್ರ ಆಮೇಲೆ.

ಈಗ ಭಾವನ ಬೀಡಿನ ಚಕ್ರ. ಸಾಯೋತನಕ ಬರುತ್ತೆ ಅನ್ನೋದು ಹೆಚ್ಚುಕಮ್ಮಿ ನಿಜ, ಸವೆಯುವುದು ನಿಧಾನ. ಗಟ್ಟಿ ಒಣ ನೆಲದಲ್ಲಿ ಅದರ ಭಾರವೇ ಕೆಲಸ ಮಾಡುತ್ತದೆ. ಆದರೆ ಜಿಗುಟು ಮಣ್ಣು ಮೆತ್ತಿಕೊಂಡರೆ ಬಿಡುವುದಿಲ್ಲ, ಹತ್ತು ಮಾರಿಗೆ ಚಕ್ರ ಗಾಡಿ ಗಾಲಿ ಆಗಿರುತ್ತದೆ. ಟೊಳ್ಳು ರಬ್ಬರ್ ನೆಲಕ್ಕೆ ಒತ್ತಿದಾಗ ಬಾಗಿ ಮತ್ತೆ ಉಬ್ಬುವುದರಿಂದ ಮಣ್ಣು ತಾನೇ ಉದುರುತ್ತದೆ. ಹಸಿಯಲ್ಲಿ ಬೀಡಿನ ಭಾರದಿಂದ ಸೀಳಿನ ಪಕ್ಕ ಇನ್ನೂ ಗಟ್ಟಿಯಾಗುತ್ತದೆ, ಅದೂ ಒಂದು. ಗರಸು ನೆಲ, ಜಂಬಿಟ್ಟಿಗೆ ಹರಳು ಜಾಸ್ತಿ ಇರುವ ಗುಡ್ಡದ ಹೊಲ ಇದ್ದವರಿಗೆ ಬೀಡು ಹಾಕಿ ಅಂತ ನಾನೇ ಹೇಳುತ್ತೇನೆ, ಯಾಕೆಂದರೆ ಅಲ್ಲಿ ರಬ್ಬರ್ ಎರಡು ಹಂಗಾಮಿಗೆ ಹರಿದು ಹೋಗುತ್ತದೆ. ನಿಮ್ಮದು ಅಂಥ ನೆಲ ಅಂತ ನೀವು ಬರೆದಿಲ್ಲ. ಒಂದು ಎಚ್ಚರಿಕೆ, ಬೀಡಿನ ಚಕ್ರ ಬಿರುಕು ಬಿಟ್ಟರೆ ವೆಲ್ಡಿಂಗ್ ಅಂಗಡಿಯಲ್ಲಿ ಸುಮ್ನೆ ಬೆಸುಗೆ ಹಾಕಿಸಬೇಡಿ. ಕಾಯಿಸದೆ ಹಾಕಿದ ಬೆಸುಗೆಯ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ.

ನಿಮ್ಮ ಕೆಂಪು ಹೊಲದಲ್ಲಿ ನುಣುಪು ರಬ್ಬರ್ ಸಾಕು ಅಂದೆ, ಆದರೆ ಅಲ್ಲೂ ಒಂದು ಬಲೆ ಇದೆ. ಕೆಂಪು ಮಣ್ಣಿಗೆ ದೊಡ್ಡ ಹನಿ ಮಳೆ ಹೊಡೆದು ಮಾರನೆ ದಿನ ಬಿಸಿಲು ಬಂದರೆ ಮೇಲೆ ಹಪ್ಪಳದ ಹಾಗೆ ಪದರ ಕಟ್ಟುತ್ತದೆ. ಬಿತ್ತುವಾಗ ಜಾಸ್ತಿ ಒತ್ತಿದ್ದರೆ ಆ ಪದರ ಇನ್ನೂ ದಪ್ಪ. ವಿ ಆಕಾರದ ಚಕ್ರದ ಗುಣವೇ ಪಕ್ಕದಿಂದ ಒತ್ತಿ ನಡುವೆ ಸಡಿಲ ಬಿಡುವುದು. ಅದನ್ನು ಕೆಡಿಸುವುದು ಸ್ಪ್ರಿಂಗ್. ಚಕ್ರದ ಮೇಲೆ ಹಲ್ಲು ಹಲ್ಲಾಗಿ ಹಿಡಿ ಇರುತ್ತದಲ್ಲ, ಅದನ್ನು ಯಾರೋ ಒಮ್ಮೆ ಕೊನೆಯ ಹಲ್ಲಿಗೆ ಎಳೆದು ಬಿಟ್ಟಿರುತ್ತಾರೆ, ಆಮೇಲೆ ಯಾರೂ ಮುಟ್ಟಿರುವುದಿಲ್ಲ, ತುಕ್ಕು ಹಿಡಿದು ಅಲ್ಲೇ ನಿಂತಿರುತ್ತದೆ. ಅದನ್ನು ಬಿಡಿಸಿ, ಮೊದಲ ಹಲ್ಲಿನಿಂದ ಶುರು ಮಾಡಿ. ಸೀಳು ಮುಚ್ಚುವಷ್ಟೇ ಒತ್ತಡ ಸಾಕು, ಮುಚ್ಚಿದ ಮೇಲೆ ಒಂದು ಹಲ್ಲೂ ಜಾಸ್ತಿ ಬೇಡ. ನೆಲ ಹಸಿ ಇದ್ದಷ್ಟೂ ಒತ್ತಡ ಕಡಿಮೆ ಇರಲಿ. ಜನ ಇದನ್ನೇ ಉಲ್ಟಾ ಮಾಡುತ್ತಾರೆ. ಮುಚ್ಚುತ್ತಿಲ್ಲ ಅಂತ ಹಸಿಯಲ್ಲಿ ಇನ್ನೂ ಬಿಗಿಮಾಡುತ್ತಾರೆ.

ಅಂಗಡಿಗೆ ಹೋಗುವಾಗ ಹಳೆಯ ಚಕ್ರವನ್ನು, ಅದರ ಬೋಲ್ಟನ್ನು, ಆಗುವುದಾದರೆ ಬಿಚ್ಚಿದ ಒಂದು ಕೈಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಫೋನಿನಲ್ಲಿ ಫೋಟೋ ತೋರಿಸಿ ತಂದ ಚಕ್ರ ಕೂರದೆ ವಾಪಸ್ ಶಿವಮೊಗ್ಗಕ್ಕೆ ಬಸ್ ಹತ್ತಿದವರನ್ನು ಎಷ್ಟೋ ನೋಡಿದ್ದೇನೆ. ಹೊರ ಅಳತೆ 12 ಇಂಚಿನದೋ 13 ಇಂಚಿನದೋ ಅಂತ ಟೇಪ್ ಹಿಡಿದು ನೋಡಿ. ಒಂದೇ ಸಾಲಿನಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಆದರೆ ಭಾರವೆಲ್ಲ ದೊಡ್ಡದರ ಮೇಲೆ ಕೂರುತ್ತದೆ. ಮುಳ್ಳಿನ ಚಕ್ರದಲ್ಲಿ ಹಲ್ಲಿನ ತುದಿಯಿಂದ ತುದಿಗೆ ಅಳೆಯಬೇಕು.

ಬೇರಿಂಗ್ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಬೇರಿಂಗಿನ ನಂಬರ್ 6203 ಅಂದರೆ ಒಳಗೆ 17 ಮಿ.ಮೀ., ಹೊರಗೆ 40 ಮಿ.ಮೀ. 6204 ಅಂದರೆ 20 ಮತ್ತು 47. ಹೊರದೇಶದ ಅಳತೆಯ ಚಕ್ರದಲ್ಲಿ ಹೊರಸುತ್ತು ಅದೇ 40 ಇದ್ದರೂ ಒಳತೂತು ಇಂಚಿನ ಲೆಕ್ಕದ್ದು ಬರುತ್ತದೆ. 5/8 ಇಂಚಿನ ಬೋಲ್ಟ್ ಅಂದರೆ 15.9 ಮಿ.ಮೀ. ಹತ್ತಿರ, ನಮ್ಮ 16ರ ಬೋಲ್ಟ್ ಅದಕ್ಕೆ ಹೋಗೋ ಹಾಗೆ ಕಾಣುತ್ತದೆ, ಹೋಗುವುದಿಲ್ಲ. ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದನ್ನೂ ನೋಡಿದ್ದೇನೆ, ಆ ಬೇರಿಂಗ್ ಆ ವರ್ಷವೇ ಹೋಯಿತು. ಉಲ್ಟಾ, ಒಳತೂತು ದೊಡ್ಡದಾಗಿ ಬೋಲ್ಟ್ ಸಡಿಲ ಇದ್ದರೆ ಚಕ್ರ ಓಲಾಡುತ್ತದೆ, ನಡುವಿಗೆ ತಂದ ಸೀಳಿನ ಲೆಕ್ಕ ಎಲ್ಲಾ ಹಾಳು. ಎರಡೂ ಕಡೆ ಸೀಲ್ ಇರುವ ಬೇರಿಂಗೇ ಕೇಳಿ, ಬರೀ ತಗಡಿನ ಮುಚ್ಚಳದ್ದು ಗದ್ದೆಯ ನೀರು ತಡೆಯುವುದಿಲ್ಲ.

ಇನ್ನೊಂದು, ಜೀರೋ ಟಿಲ್ ಡ್ರಿಲ್ ಚಕ್ರ ಕೊಡಿ ಅಂತ ಕೇಳಿದರೆ ಬಹಳ ಅಂಗಡಿಯವರು ತಲೆ ಕೆರೆದುಕೊಳ್ಳುತ್ತಾರೆ. ತಪ್ಪು ಅವರದಲ್ಲ. ನಮ್ಮ ದೇಶದಲ್ಲಿ ಜೀರೋ ಟಿಲ್ ಅಂತ ಓಡಾಡುವ ಡ್ರಿಲ್‌ಗಳಲ್ಲಿ ಹೆಚ್ಚಿನವಕ್ಕೆ ಡಿಸ್ಕೇ ಇಲ್ಲ. 1980ರ ದಶಕದ ಕೊನೆಗೆ ನ್ಯೂಜಿಲೆಂಡ್ ಕಡೆಯಿಂದ ಬಂದ ತಲೆಕೆಳಗಾದ ‘ಟಿ’ ಆಕಾರದ ಗುಳವನ್ನು ಈಗಿನ ಉತ್ತರಾಖಂಡದ ಪಂತ್‌ನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ನಮ್ಮ ಡ್ರಿಲ್‌ಗೆ ಹೊಂದಿಸಿದರು, ಅದೇ ಉತ್ತರದಲ್ಲಿ ಭತ್ತದ ಹಿಂದೆ ಗೋಧಿ ಬಿತ್ತುವವರ ಕೈಗೆಲ್ಲ ಹೋಯಿತು. ಆ ಸೀಳು ಮೇಲೆ ಕಿರಿದು, ಒಳಗೆ ಅಗಲ. ಹಾಗಾಗಿ ಆ ಯಂತ್ರಗಳಲ್ಲಿ ಬಹಳಷ್ಟಕ್ಕೆ ಹಿಂದೆ ಚಕ್ರವೇ ಇಲ್ಲ. ನಿಮ್ಮದು ಪ್ಲಾಂಟರ್ (ಬೀಜವನ್ನು ಒಂದೊಂದಾಗಿ ಅಂತರ ಇಟ್ಟು ಬಿತ್ತುವ ಯಂತ್ರ) ಜಾತಿಯ ಚಕ್ರ. ಹತ್ತಿ, ಜೋಳ ಬಿತ್ತುವ ನ್ಯೂಮ್ಯಾಟಿಕ್ ಪ್ಲಾಂಟರಿನ ವಿ ಪ್ರೆಸ್ ವೀಲ್ ಅಂತ ಕೇಳಿ, ಸಿಗುತ್ತದೆ.

ಮುಳ್ಳಿನ ಚಕ್ರದಲ್ಲಿ ಎರಡು ಬಗೆ ನೋಡುತ್ತೀರಿ. ಹಲ್ಲು ನೆಟ್ಟಗೆ ಇರುವುದು, ಹಲ್ಲು ಹಿಂದಕ್ಕೆ ಬಾಗಿರುವುದು. ಮೊದಲ ಸಲ ಹಾಕುವವರು ಬಾಗಿದ್ದನ್ನೇ ತಗೊಳ್ಳಿ, ಹುಲ್ಲು ಸಿಕ್ಕಿಸಿಕೊಳ್ಳುವುದು ಕಡಿಮೆ, ಮಣ್ಣು ಎತ್ತಿ ಎಸೆಯುವುದೂ ಕಡಿಮೆ. ಅದಕ್ಕೆ ಎಡ-ಬಲ ಇದೆ, ಉಲ್ಟಾ ಹಾಕಿದರೆ ಗುಣವೂ ಉಲ್ಟಾ ಆಗುತ್ತದೆ. ಊರಲ್ಲೇ ಪ್ಲೇಟ್ ಕತ್ತರಿಸಿ ಮಾಡಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಮಾಡಿಸಬಹುದು, ನಾನೂ ಮಾಡಿಕೊಟ್ಟಿದ್ದೇನೆ, ಆದರೆ ಸಾದಾ ಕಬ್ಬಿಣದ ಹಲ್ಲು ಬೇಗ ಮೊಂಡಾಗುತ್ತದೆ. ನಡುವಿನ ತೂತು ಕೂದಲೆಳೆ ಆಚೀಚೆ ಆದರೂ ಚಕ್ರ ಕುಣಿಯುತ್ತದೆ. ಒಳ್ಳೆಯ ಲೇತ್ ಇದ್ದರೆ ಮಾತ್ರ ಕೈ ಹಾಕಿ. ಯಾವುದೇ ಮುಳ್ಳು ಹಾಕಿದರೂ ಪ್ರತಿ ಸಾಲಿನ ಹಿಂದೆ ಒಂದು ಮೊಳ ಸರಪಳಿ ಇಳಿಬಿಡಿ. ಕೆದರಿದ ಮಣ್ಣನ್ನು ಅದು ಸಮ ಮಾಡುತ್ತಾ ಬರುತ್ತದೆ, ಕುಂಟೆ ಕೆಲಸವೇ, ಚಿಕ್ಕದಾಗಿ.

ಎಲ್ಲವನ್ನೂ ಒಂದೇ ಸಲ ಕೊಳ್ಳಬೇಡಿ. ಎರಡೇ ಎರಡು ಮುಳ್ಳಿನ ಚಕ್ರ ತನ್ನಿ. ನಡುವಿನ ಎರಡು ಸಾಲಿಗೆ ಹಾಕಿ, ಪಕ್ಕದ ಎರಡು ಸಾಲಿನಲ್ಲಿ ಎರಡೂ ರಬ್ಬರ್ ಇರಲಿ. ಒಂದು ಗದ್ದೆ ಹಾಗೇ ಬಿತ್ತಿ. ವೇಗ ಗಂಟೆಗೆ 4-5 ಕಿಲೋಮೀಟರ್, ನೀವು ಯಂತ್ರದ ಹಿಂದೆ ಓಡದೆ ಬಿರುಸಾಗಿ ನಡೆಯುವಷ್ಟು. ಬಿತ್ತಿದ ಕೂಡಲೇ ಹತ್ತು ಕಡೆ ಚಾಕು ಹಾಕಿ ಸೀಳನ್ನು ಅಡ್ಡಕ್ಕೆ ತೆಗೆದು ನೋಡಿ, ಮೇಲಿಂದ ಕೆದಕಿದರೆ ಏನೂ ತಿಳಿಯುವುದಿಲ್ಲ. ಬೀಜದ ಸುತ್ತ ಪುಡಿ ಮಣ್ಣು ಇದೆಯೋ, ಟೊಳ್ಳು ಇದೆಯೋ ಅಲ್ಲೇ ಕಾಣುತ್ತದೆ. ವಾರ, ಹತ್ತು ದಿನ ಬಿಟ್ಟು ನಾಲ್ಕೂ ಸಾಲಿನಲ್ಲಿ ಹತ್ತತ್ತು ಅಡಿ ಅಳೆದು ಗಿಡ ಎಣಿಸಿ. ಉದ್ದು 10 ಸೆಂಟಿಮೀಟರಿಗೆ ಒಂದರಂತೆ ಬಿದ್ದಿದ್ದರೆ ಹತ್ತು ಅಡಿಗೆ ಸುಮಾರು 30 ಗಿಡ ಬರಬೇಕು.

ಗಿಡ ನಾಲ್ಕೈದು ಎಲೆ ಆದಾಗ ಇನ್ನೊಂದು ಸಲ ಹೋಗಿ ಬೇರು ಸಮೇತ ಕಿತ್ತು ನೋಡಿ, ಸಲಿಕೆಯಲ್ಲಿ ಎತ್ತಿ, ಕೈಯಲ್ಲಿ ಎಳೆಯಬೇಡಿ. ಬೇರು ಸುತ್ತಲೂ ಹರಡಿದ್ದರೆ ಚಕ್ರ ಸರಿಯಾಗಿ ಕೆಲಸ ಮಾಡಿದೆ. ಪುಸ್ತಕದ ನಡುವೆ ಒಣಗಿಸಿದ ಎಲೆಯ ಹಾಗೆ ಸಾಲಿನುದ್ದಕ್ಕೆ ಚಪ್ಪಟೆಯಾಗಿ ಹೋಗಿದ್ದರೆ ಗೋಡೆ ಒಡೆದಿಲ್ಲ, ಬೇರಿಗೆ ದಾರಿ ಸಿಕ್ಕಿಲ್ಲ ಅಂತ ಅರ್ಥ. ಅಂಥ ಗಿಡ ಶುರುವಿನಲ್ಲಿ ಹಸಿರಾಗೇ ಇರುತ್ತದೆ, ನೆಲ ಒಣಗಿದ ಕೂಡಲೇ ಎಲ್ಲಕ್ಕಿಂತ ಮೊದಲು ಬಾಡುತ್ತದೆ.

ಕೊನೆಗೆ ಚಕ್ರದ ಲೆಕ್ಕ, ನಿಮಗೆ ಖುಷಿ ಆಗುವ ಭಾಗ. 12ರಲ್ಲಿ 5 ಹೋಗಿದೆ ಅಂದರೆ 7 ರಬ್ಬರ್ ಚಕ್ರ ಚೆನ್ನಾಗಿವೆ. ಉದ್ದಿಗೆ 6 ಸಾಲು, ಸಾಲಿಗೊಂದು ರಬ್ಬರ್, ಅಂದರೆ 6. ಜೋಳಕ್ಕೆ 3 ಸಾಲು, ಸಾಲಿಗೆ ಎರಡು ರಬ್ಬರ್, ಅದೂ 6. ಹೊಸ ರಬ್ಬರ್ ಒಂದೂ ಬೇಕಾಗಿಲ್ಲ. ಪರೀಕ್ಷೆಯಲ್ಲಿ ಮುಳ್ಳು ಗೆದ್ದರೆ ಇನ್ನು 4 ತಂದು 6 ಮಾಡಿಕೊಳ್ಳಿ, ಅಷ್ಟೇ ಖರ್ಚು. ಗದ್ದೆಯಿಂದ ಹೊಲಕ್ಕೆ ಬರುವಾಗ ಬಿಚ್ಚಿ ಹಾಕುವುದು ಚಕ್ರಕ್ಕೊಂದು ಬೋಲ್ಟು, ಇಬ್ಬರು ಕೂತರೆ ಒಂದು ಗಂಟೆ. ಜೋಳಕ್ಕೆ 1, 3, 5ನೇ ಸಾಲು ಇಟ್ಟುಕೊಂಡರೆ ಬಿತ್ತನೆ ಯಂತ್ರದ ನಡುವಿಗಿಂತ ಅರ್ಧ ಅಡಿ ಒಂದು ಪಕ್ಕಕ್ಕೆ ಜರುಗುತ್ತದೆ, ಮಾರ್ಕರ್ (ಮುಂದಿನ ಸುತ್ತಿಗೆ ಗುರುತಿನ ಗೆರೆ ಎಳೆಯುವ ಕೈ) ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಎರಡು ಸುತ್ತಿನ ನಡುವೆ ಸಾಲು ಒಮ್ಮೆ ಅಗಲ ಒಮ್ಮೆ ಕಿರಿದು ಆಗುತ್ತದೆ. ಖಾಲಿ ಇರುವ 3 ಸಾಲಿನ ಘಟಕವನ್ನು ಮೇಲಕ್ಕೆ ಎತ್ತಿ ಕಟ್ಟಿ, ಬರೀ ಬೀಜ ನಿಲ್ಲಿಸಿ ನೆಲದಲ್ಲಿ ಎಳೆಯಬೇಡಿ. ಉಳಿದ ಏಳನೇ ರಬ್ಬರ್ ಚಕ್ರವನ್ನು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲೇ ಇಡಿ, ಆದರೆ ಇಡುವ ಮೊದಲು ಬೆರಳಲ್ಲಿ ಬೇರಿಂಗ್ ತಿರುಗಿಸಿ ನೋಡಿ. ಗರಗರ ಅಂದರೆ ಈಗಲೇ ಬದಲಾಯಿಸಿ ಇಡಿ.